ಅವ್ವನ ಕಂಬಳಿಗೆ ನಾನಿಟ್ಟ ಗುಳಿಗೆ

ತಿಪಟೂರಿನ ಒಂದು ಲ್ಯಾಬಿನಲ್ಲಿ ನಾನು ಜನರ ರಕ್ತ ತೆಗೆಯುತ್ತ ಕೂತು ಇಪ್ಪತ್ತಾರು ವರ್ಷವಾಯಿತು. ಸಕ್ಕರೆ ಕಾಯಿಲೆಯವರು ಬೆಳಗ್ಗೆ ಏಳಕ್ಕೆಲ್ಲ ಖಾಲಿ ಹೊಟ್ಟೆಯಲ್ಲಿ ಬಂದು ಬೆಂಚು ತುಂಬಿಕೊಂಡಿರುತ್ತಾರೆ. ಅವರ ರಕ್ತವನ್ನು ಬೂದು ಬಣ್ಣದ ಮುಚ್ಚಳವಿರುವ ಟ್ಯೂಬಿಗೆ ಬಿಡಬೇಕು. ಆ ಟ್ಯೂಬಿನ ತಳದಲ್ಲಿ ಒಂದು ಚಿಟಿಕೆ ಬಿಳಿ ಪುಡಿ ಇರುತ್ತದೆ, ಫ್ಲೋರೈಡ್. ಅದು ಯಾಕೆ ಅಂತ ಯಾರಾದರೂ ಕೇಳಿದರೆ ನನಗೆ ಹಬ್ಬ. ರಕ್ತ ಮೈಯಿಂದ ಹೊರಗೆ ಬಂದ ಮೇಲೂ ಕೆಂಪು ಕಣಗಳು ಬದುಕಿರುತ್ತವೆ ಕಣ್ರೀ, ಟ್ಯೂಬಿನೊಳಗೇ ಕೂತು ಸಕ್ಕರೆ ತಿನ್ನುತ್ತಿರುತ್ತವೆ, ಹಾಗೇ ಬಿಟ್ಟರೆ ನಿಮ್ಮ ಸಕ್ಕರೆ ಕಡಿಮೆ ಇದೆ ಅಂತ ಸುಳ್ಳು ರಿಪೋರ್ಟು ಬರುತ್ತದೆ, ನೀವು ಮನೆಗೆ ಹೋಗಿ ಹೋಳಿಗೆ ಬಾರಿಸುತ್ತೀರಿ, ಈ ಪುಡಿ ಬಿದ್ದರೆ ಕಣಗಳ ಬಾಯಿ ಕಟ್ಟುತ್ತದೆ ಎಂದು ವಿವರಿಸುತ್ತಿದ್ದೆ. ಜನ ತಲೆದೂಗುತ್ತಿದ್ದರು. ಆ ತಲೆದೂಗುವಿಕೆಯ ಮೇಲೆ ನಾನು ಎಷ್ಟು ವರ್ಷ ಬದುಕಿದೆ ಅಂತ ನೆನೆದರೆ ಈಗ ನನ್ನ ಮುಖಕ್ಕೆ ನಾನೇ ಉಗಿಯಬೇಕು ಅನ್ನಿಸುತ್ತದೆ.

ಕೆಂಪು ಕಣದ್ದು ಬಡ ಬದುಕು. ಮೈಯಲ್ಲಿರುವ ಬೇರೆ ಜೀವಕೋಶಗಳು ಕೊಬ್ಬನ್ನೂ ಉರಿಸುತ್ತವೆ, ಸಕ್ಕರೆಯನ್ನೂ ಉರಿಸುತ್ತವೆ, ನಾವು ಉಸಿರಾಡಿದ ಆಮ್ಲಜನಕವನ್ನು ಅದಕ್ಕೆ ಬಳಸಿಕೊಳ್ಳುತ್ತವೆ. ಕೆಂಪು ಕಣಕ್ಕೆ ಆ ಭಾಗ್ಯವಿಲ್ಲ. ಮೈಗೆಲ್ಲ ಆಮ್ಲಜನಕ ಹೊತ್ತು ಹಂಚುತ್ತದೆ, ತಾನು ಮಾತ್ರ ಒಂದು ಗುಕ್ಕನ್ನೂ ಮುಟ್ಟುವುದಿಲ್ಲ. ಸಕ್ಕರೆಯನ್ನು ಅರ್ಧಂಬರ್ಧ ಮುರಿದು, ಬಂದಷ್ಟು ಶಕ್ತಿಯಲ್ಲಿ ನಾಲ್ಕು ತಿಂಗಳು ಜೀವ ಹಿಡಿದಿರುತ್ತದೆ. ಅದೇ ಸಕ್ಕರೆಯ ಒಂದು ಸಣ್ಣ ಪಾಲನ್ನು ಬೇರೆ ದಾರಿಯಲ್ಲಿ ಕಳಿಸಿ, ತನ್ನ ಮೈ ತುಕ್ಕು ಹಿಡಿಯದಂತೆ ಕಾಯುವ ವಸ್ತುವೊಂದನ್ನು ತಯಾರಿಸಿಕೊಳ್ಳುತ್ತದೆ. ಆ ದಾರಿಯ ಬಾಗಿಲು ತೆಗೆಯಲು ಒಂದು ಕಿಣ್ವ ಬೇಕು. ಕೆಲವರಲ್ಲಿ ಅದು ಹುಟ್ಟುವಾಗಲೇ ಕಡಿಮೆ. ಅಂಥವರೂ ನಮ್ಮ ನಿಮ್ಮ ಹಾಗೆ ಉಂಡುಟ್ಟು ಓಡಾಡಿಕೊಂಡಿರುತ್ತಾರೆ, ಏನೂ ಗೊತ್ತಾಗುವುದಿಲ್ಲ. ಆದರೆ ಕೆಲವು ಔಷಧ, ಕೆಲವು ರಾಸಾಯನಿಕ ಮೈಗೆ ಹೋದರೆ ಕಣಗಳು ತಡೆಯಲಾರದೆ ಒಂದರ ಹಿಂದೆ ಒಂದು ಒಡೆಯುತ್ತವೆ. ಆ ರಾಸಾಯನಿಕಗಳ ಪಟ್ಟಿಯಲ್ಲಿ ಬಟ್ಟೆಗೆ ಇಡುವ ನುಸಿಗುಳಿಗೆಯೂ ಇದೆ. ಡಿಪ್ಲೊಮಾ ಓದುವಾಗ ಆ ಪಟ್ಟಿಯನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಪೂರ್ತಿ ಅಂಕ ತೆಗೆದುಕೊಂಡವಳು ನಾನು. ಬೆಂಕಿ ಬೀಳಲಿ ಆ ಅಂಕಕ್ಕೆ.

ನನ್ನ ತವರು ಶೆಟ್ಟಿಕೆರೆಯ ಆಚೆಗಿನ ಒಂದು ಹಟ್ಟಿ. ಅಪ್ಪನ ಕಾಲದವರೆಗೂ ಕುರಿ ಕಟ್ಟಿದ ಮನೆ. ಆಮೇಲೆ ಕುರಿ ಹೋಗಿ ತೆಂಗು ಬಂತು, ಆದರೆ ಕಂಬಳಿ ಹೋಗಲಿಲ್ಲ. ಅವ್ವನ ಹತ್ತಿರ ಒಂದು ಕರಿ ಕಂಬಳಿ ಇತ್ತು. ಮನೆಯ ಕುರಿಗಳದ್ದೇ ಉಣ್ಣೆ, ಅವ್ವನೇ ನೂತದ್ದು, ನೇಯಿಸಿ ಹುಣಸೆಬೀಜದ ಗಂಜಿ ಕೊಟ್ಟದ್ದು. ನಿಲ್ಲಿಸಿದರೆ ನಿಲ್ಲುವಷ್ಟು ಬಿಗಿ. ನನ್ನನ್ನೂ ನನ್ನ ತಮ್ಮನನ್ನೂ ಹುಟ್ಟಿದಾಗ ಸುತ್ತಿದ್ದು ಅದರಲ್ಲೇ. ಮನೆಗೆ ಮಗು ಬಂದರೆ ಮೊದಲು ಹಿರಿಯರ ಹಳೇ ಪಂಚೆ, ಅದರ ಮೇಲೆ ಆ ಕಂಬಳಿ. ಅದು ಮನೆಯ ನೇಮ. ದೇವರ ಕಾರ್ಯವಾದರೆ ಹಾಸುವುದೂ ಅದನ್ನೇ. ಮಿಕ್ಕ ದಿನ ಅದು ಮರದ ಪೆಟ್ಟಿಗೆಯಲ್ಲಿರುತ್ತಿತ್ತು, ದಿನಾ ಹೊದೆಯಲು ಅವ್ವನಿಗೆ ಬೇರೆ ಕಂಬಳಿ ಇತ್ತು. ಅವ್ವ ಅದರ ಮಡಿಕೆಗಳ ನಡುವೆ ಒಣಗಿದ ಬೇವಿನ ಸೊಪ್ಪು, ಲಕ್ಕಿ ಸೊಪ್ಪು ಇಡುತ್ತಿದ್ದಳು. ತಿಂಗಳಿಗೊಮ್ಮೆ ಹೊರಗೆ ಬಂಡೆಯ ಮೇಲೆ ಹರಡಿ, ಬಿಸಿಲಿಗೆ ಹಾಕಿ, ಕೋಲಿನಲ್ಲಿ ಬಡಿದು, ಸೊಪ್ಪು ಬದಲಾಯಿಸಿ ಮತ್ತೆ ಮಡಿಸುತ್ತಿದ್ದಳು.

ನನಗೆ ಆ ಸೊಪ್ಪು ಕಂಡರೆ ಆಗುತ್ತಿರಲಿಲ್ಲ. ಲ್ಯಾಬಿನ ಬಿಳಿ ಕೋಟು ಹಾಕುವವಳಲ್ಲವೇ, ಪೆಟ್ಟಿಗೆಯಲ್ಲಿ ತರಗೆಲೆ ಪುಡಿಯಾಗಿ ಬಿದ್ದಿರುವುದು ಅಸಹ್ಯ ಅನ್ನಿಸುತ್ತಿತ್ತು. ಒಂದು ಭಾನುವಾರ ತವರಿಗೆ ಹೋದಾಗ ತಮ್ಮ ತೆಂಗಿನ ಗಿಡಗಳಿಗೆ ನುಸಿಗುಳಿಗೆ ಇಡುತ್ತಿದ್ದ. ಮೂರು ವರ್ಷದ ಗಿಡಗಳು, ಇನ್ನೂ ಕೈಗೆ ಎಟುಕುತ್ತಿದ್ದವು. ಸುಳಿ ಕೊರೆಯುವ ಕೊಂಬಿನ ದುಂಬಿ ಬರದಿರಲಿ ಅಂತ ಸುಳಿಯ ಪಕ್ಕದ ಗರಿಗಳ ಬುಡಕ್ಕೆ ಮೂರು ಮೂರು ಗುಳಿಗೆ ಹಾಕಿ ಮೇಲೆ ಮರಳು ಮುಚ್ಚುವುದು ನಮ್ಮ ಕಡೆ ಎಲ್ಲರೂ ಮಾಡುವುದೇ. ಗೊಬ್ಬರದ ಅಂಗಡಿಯಿಂದ ಅವನು ಚೀಲಗಟ್ಟಲೆ ತಂದಿದ್ದ. ಅರ್ಧ ಚೀಲ ಉಳಿದಿತ್ತು. ನಾನು ಎರಡು ಬೊಗಸೆ ತುಂಬಿಕೊಂಡು ಒಳಗೆ ಹೋಗಿ ಪೆಟ್ಟಿಗೆ ತೆಗೆದೆ, ಸೊಪ್ಪನ್ನೆಲ್ಲ ಮೊರಕ್ಕೆ ಕೊಡವಿ ತಿಪ್ಪೆಗೆ ಹಾಕಿದೆ, ಕಂಬಳಿಯ ಪ್ರತಿ ಮಡಿಕೆಗೂ ಗುಳಿಗೆ ಇಟ್ಟೆ.

ಅವ್ವ ಬಾಗಿಲಲ್ಲಿ ನಿಂತು ಮೂಗು ಮುಚ್ಚಿಕೊಂಡಳು. "ಅದ್ಯಾಕೇ ಆ ಬಿಳೀ ಗುಂಡು? ವಾಸ್ನೆ ನೆತ್ತಿಗೆ ಹೊಡೀತದೆ."

"ಹುಳ ಬರಲ್ಲ ಕಣವ್ವ. ಮರಕ್ಕೇ ಹಾಕ್ತಾರೆ, ಕಂಬ್ಳಿಗೆ ಹಾಕಿದ್ರೆ ಏನಾಯ್ತದೆ?"

"ಬೇವಿನ ಸೊಪ್ಪಿಗೇನಾಗಿತ್ತು? ಐವತ್ತು ವರ್ಷ ಒಂದು ತೂತು ಬಿದ್ದಿಲ್ಲ."

"ನಿಂಗೇನ್ ಗೊತ್ತಾಯ್ತದೆ ಸುಮ್ನಿರವ್ವ. ನಾನು ಓದಿರೋದು ಇದನ್ನೇ."

ಅವ್ವ ನಕ್ಕಳು. "ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರೆ. ಆಯ್ತು ಬುಡು, ಓದ್ದೋಳು ನೀನು, ಇಕ್ಕು." ನನ್ನ ಕೆಲಸವನ್ನು ಅವಳು ಸೊಳ್ಳೆ ಕೆಲಸ ಅಂತ ಆಡಿಕೊಳ್ಳುತ್ತಿದ್ದಳು, ಮಂದಿಯ ರಕ್ತ ಹೀರುವುದು ಅಂತ. ಆದರೆ ಹಟ್ಟಿಯಲ್ಲಿ ಯಾರಿಗೆ ಹುಷಾರಿಲ್ಲದಿದ್ದರೂ ನನ್ನ ಮಗಳನ್ನು ಕೇಳಿ ಹೇಳುತ್ತೇನೆ ಇರಿ ಅನ್ನುತ್ತಿದ್ದಳು. ನಾನು ಹೇಳಿದ್ದು ಅವಳಿಗೆ ದೇವರು ಹೇಳಿದ ಹಾಗೆ. ಆ ಮಾತಿನ ಭಾರ ನನಗೆ ಆಗ ಗೊತ್ತಿರಲಿಲ್ಲ.

ಆ ವರ್ಷದ ಮಾರ್ಗಶಿರದಲ್ಲಿ ತಮ್ಮನಿಗೆ ಗಂಡು ಮಗು ಹುಟ್ಟಿತು. ಚೊಚ್ಚಲ ಬಾಣಂತನ ತವರಲ್ಲಾಗಬೇಕಾದ್ದು, ಆದರೆ ಅವನ ಹೆಂಡತಿಗೆ ತಾಯಿ ಇರಲಿಲ್ಲ. ನಮ್ಮ ಮನೆಯಲ್ಲೇ ಆಗಲಿ, ಅವ್ವ ಇದ್ದಾಳೆ, ತಿಪಟೂರಿನಲ್ಲಿ ನಾನಿದ್ದೇನೆ ಎಂದು ಮುಂದೆ ಬಿದ್ದು ಹೇಳಿದವಳೂ ನಾನೇ. ಹೆರಿಗೆ ತಿಪಟೂರಿನ ಆಸ್ಪತ್ರೆಯಲ್ಲಿ ಸುಲಭವಾಗಿ ಆಯಿತು. ಮೂರನೇ ದಿನ ಮನೆಗೆ ಕರೆದುಕೊಂಡು ಹೋದರು. ಅವ್ವ ಪೆಟ್ಟಿಗೆಯಿಂದ ಕಂಬಳಿ ತೆಗೆದಳು. ಬಿಸಿಲಿಗೆ ಹಾಕಿ ಬಡಿಯುವಷ್ಟು ಹೊತ್ತಿರಲಿಲ್ಲ, ಹೊರಗೆ ಥಂಡಿ ಕೊರೆಯುತ್ತಿತ್ತು. ಗುಳಿಗೆಗಳನ್ನು ಪೆಟ್ಟಿಗೆಯೊಳಕ್ಕೇ ಕೊಡವಿ, ಕಂಬಳಿಯನ್ನು ಹಾಗೇ ಒಳಗೆ ಒಯ್ದಳು.

ದಿನಾ ಬೆಳಗ್ಗೆ ಅವಳು ಕಾಲು ಚಾಚಿ ಕೂತು ಮಗುವನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು ಗಾಣದ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದಳಂತೆ. ತೆಂಗಿನ ಸೀಮೆಯಲ್ಲಿ ಹುಟ್ಟಿದ ಮಗುವಿಗೆ ಎಣ್ಣೆಗೆ ಬರವೇ? ನೆತ್ತಿಯಿಂದ ಅಂಗಾಲಿನವರೆಗೆ ಹೊಳೆಯುವಂತೆ ತಿಕ್ಕಿ, ನೀರು ಹಾಕಿ, ಮತ್ತೆ ಒಂದು ಕೈ ಎಣ್ಣೆ ಸವರಿ, ಕಂಬಳಿಯಲ್ಲಿ ಸುತ್ತಿ ಮಲಗಿಸುತ್ತಿದ್ದಳು. ನುಸಿಗುಳಿಗೆ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಎಣ್ಣೆ ಹಚ್ಚಿದ ಎಳೇ ಚರ್ಮ ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಇದು ಅವ್ವನಿಗೆ ಗೊತ್ತಿರಬೇಕಾದ ವಿಷಯವಲ್ಲ. ನನಗೆ ಗೊತ್ತಿರಬೇಕಾದದ್ದು.

ಮನೆಗೆ ಬಂದ ನಾಲ್ಕನೇ ದಿನ ತಮ್ಮ ಫೋನ್ ಮಾಡಿದ. ಮಗು ಹಳದಿಯಾಗಿದೆ ಅಂದ. ನಾನು ಟ್ಯೂಬುಗಳಿಗೆ ಚೀಟಿ ಅಂಟಿಸುತ್ತಲೇ ಉತ್ತರ ಕೊಟ್ಟೆ. "ಎಲ್ಲಾ ಮಕ್ಳಿಗೂ ಆಗುತ್ತೆ ಕಣೋ. ಬೆಳಗಿನ ಬಿಸ್ಲಲ್ಲಿ ಹಿಡೀರಿ, ಚೆನ್ನಾಗಿ ಬೆಚ್ಚಗೆ ಸುತ್ತಿ ಮಲಗ್ಸಿ." ಬೆಚ್ಚಗೆ ಸುತ್ತಿ. ಆ ಎರಡು ಪದ ನನ್ನ ಬಾಯಿಂದಲೇ ಬಂದವು. ಅವ್ವ ಮಗಳ ಮಾತು ಅಂತ ಇನ್ನೂ ಒಂದು ಸುತ್ತು ಹೆಚ್ಚಿಗೆ ಸುತ್ತಿದಳು. ಐದನೇ ದಿನವೂ ಫೋನ್ ಬಂತು, ಹಾಲು ಕುಡಿಯುತ್ತಿಲ್ಲ, ಬರೀ ನಿದ್ದೆ ಅಂತ. ನಾಳೆ ಬರುತ್ತೇನೆ ಅಂದೆ.

ಆರನೇ ದಿನ ಹೋಗಿ ನೋಡಿದೆ. ಮಗು ಅಂಗಾಲಿನವರೆಗೂ ಅರಿಸಿನ ಬಳಿದ ಹಾಗಿತ್ತು. ಬಟ್ಟೆಯ ಮೇಲೆ ಉಚ್ಚೆಯ ಕಲೆ ಕಾಫಿ ಡಿಕಾಕ್ಷನ್ ಬಣ್ಣ. ಕರೆದರೆ ಕಣ್ಣು ಬಿಡಲಿಲ್ಲ. ಅದನ್ನು ಎತ್ತಿಕೊಂಡಾಗ ಕಂಬಳಿಯ ವಾಸನೆ ಮೂಗಿಗೆ ಬಡಿಯಿತು. ಆಗಲೂ ನನಗೆ ಹೊಳೆಯಲಿಲ್ಲ ಅಂದರೆ ಯಾರು ನಂಬುತ್ತಾರೆ? ನಿಜವಾಗಿ ಹೊಳೆಯಲಿಲ್ಲ. ಬಾಡಿಗೆ ಕಾರಿನಲ್ಲಿ ಹಾಕಿಕೊಂಡು ತಿಪಟೂರಿಗೆ ಬಂದೆವು. ಅಲ್ಲಿಯ ಮಕ್ಕಳ ಡಾಕ್ಟರು ನೋಡಿದವರೇ ತುಮಕೂರಿಗೆ ಹೊರಡಿ ಅಂದರು. ಆಂಬುಲೆನ್ಸ್ ಬರುವಷ್ಟರಲ್ಲಿ ರಕ್ತದ ರಿಪೋರ್ಟು ಬೇಕಾಗಿತ್ತು. ನನ್ನ ಲ್ಯಾಬಿನಲ್ಲೇ, ನನ್ನ ಕೈಯಲ್ಲೇ, ಆ ಹನಿಯನ್ನು ಗಾಜಿನ ಮೇಲೆ ಎಳೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ಕೆಂಪು ಕಣಗಳ ಅಂಚುಗಳು ಇಲಿ ಕಚ್ಚಿದ ರೊಟ್ಟಿಯ ಹಾಗೆ ಕತ್ತರಿಸಿಹೋಗಿದ್ದವು. ಅದು ಯಾವುದರ ಗುರುತು ಎಂದು ಪುಸ್ತಕದಲ್ಲಿತ್ತು. ಬಾಯಿಪಾಠ ಮಾಡಿದ ಪಟ್ಟಿ ಇಪ್ಪತ್ತು ವರ್ಷದ ಮೇಲೆ ತಾನಾಗಿಯೇ ನಾಲಿಗೆಗೆ ಬಂತು. ನನ್ನ ಬಟ್ಟೆಯಲ್ಲಿ, ಮಗುವನ್ನು ಎತ್ತಿಕೊಂಡ ತೋಳಿನಲ್ಲಿ, ಆ ವಾಸನೆ ಇನ್ನೂ ಇತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವುದು ನನ್ನಂಥವಳನ್ನು ನೋಡಿಯೇ ಕಟ್ಟಿದ ಮಾತಿರಬೇಕು.

ತುಮಕೂರಿನಲ್ಲಿ ಮಗುವನ್ನು ನೀಲಿ ದೀಪದ ಕೆಳಗೆ ಮಲಗಿಸಿದರು. ಅದು ಸಾಲದೆ, ಮೈಯಲ್ಲಿದ್ದ ರಕ್ತವನ್ನೇ ಸ್ವಲ್ಪ ಸ್ವಲ್ಪವಾಗಿ ತೆಗೆದು ಬೇರೆಯವರ ರಕ್ತ ತುಂಬಿದರು. ಮಾರನೇ ದಿನ ಡಾಕ್ಟರಮ್ಮ ನನ್ನನ್ನೂ ತಮ್ಮನನ್ನೂ ಕರೆದರು. ನನಗಿಂತ ಹತ್ತು ವರ್ಷವಾದರೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮಗುವಿಗೆ ಹುಟ್ಟಿನಿಂದಲೇ ಒಂದು ಕಿಣ್ವ ಕಡಿಮೆ ಇರುವ ಹಾಗಿದೆ, ತಾಯಿಯಿಂದ ಬರುವಂಥದ್ದು, ಪರೀಕ್ಷೆಗೆ ಕಳಿಸಿದ್ದೇವೆ ಎಂದು ಹೇಳಿ, ನನ್ನ ಕಡೆ ತಿರುಗಿ ಕೇಳಿದರು. "ನೀವು ಲ್ಯಾಬಲ್ಲಿ ಇರೋರಂತೆ. ಮನೇಲಿ ನ್ಯಾಫ್ತಲೀನ್ ಏನಾದ್ರೂ ಇಟ್ಟಿದ್ರಾ?"

ನಾನು ಸುಳ್ಳು ಹೇಳಲಿಲ್ಲ. ನುಸಿಗುಳಿಗೆ ಇಟ್ಟಿದ್ದೆವು, ಮಗುವನ್ನು ಸುತ್ತುವ ಕಂಬಳಿಯಲ್ಲಿ, ನಾನೇ ಇಟ್ಟಿದ್ದು ಎಂದೆ. ಇಂಗ್ಲಿಷಿನಲ್ಲಿ ಹೇಳಿದೆ. ಡಾಕ್ಟರಮ್ಮ ತಲೆಯಾಡಿಸಿ ಬರೆದುಕೊಂಡರು. ಪಕ್ಕದಲ್ಲಿ ತಮ್ಮ ನನ್ನ ಬಾಯನ್ನೇ ನೋಡುತ್ತ ನಿಂತಿದ್ದ. ಅವನು ಏಳನೇ ತರಗತಿಗೆ ಶಾಲೆ ಬಿಟ್ಟವನು.

ಹೊರಗೆ ಬಂದ ಮೇಲೆ ಕೇಳಿದ. "ಏನಂದ್ರು ಅಕ್ಕ? ಯಾತ್ರಿಂದ ಆಯ್ತಂತೆ?"

ಅವನ ಕಣ್ಣು ಅತ್ತು ಊದಿತ್ತು. ಆ ಕಣ್ಣಿಗೆ ಕನ್ನಡದಲ್ಲಿ ಹೇಳಲು ನನ್ನ ಕೈಲಿ ಆಗಲಿಲ್ಲ. "ಕಂಬ್ಳಿ ಮಗೂಗೆ ಆಗಿಬಂದಿಲ್ಲ ಅಂತೆ. ಇನ್ಮೇಲೆ ಅದನ್ನ ಹೊದಿಸ್ಬೇಡಿ," ಎಂದೆ.

ಒಂದೇ ಮಾತು. ಅದರಲ್ಲಿ ಅರ್ಧ ನಿಜ ಇತ್ತು, ಮಗುವನ್ನು ಕಾಪಾಡುವಷ್ಟು ನಿಜ. ಮಿಕ್ಕ ಅರ್ಧವನ್ನು ನಾಳೆ ಹೇಳೋಣ, ಮಗು ಉಳಿಯಲಿ, ಆಮೇಲೆ ಹೇಳೋಣ ಅಂದುಕೊಂಡೆ. ಅವತ್ತೇ ಬಟ್ಟೆ ತರುವ ನೆಪದಲ್ಲಿ ಹಟ್ಟಿಗೆ ಹೋದೆ. ಅವ್ವ ದೇವರಿಗೆ ಮುಡಿಪು ಕಟ್ಟಲು ಗುಡಿಗೆ ಹೋಗಿದ್ದಳು. ಪೆಟ್ಟಿಗೆಯಲ್ಲಿ ಉಳಿದಿದ್ದ ಗುಳಿಗೆಗಳನ್ನೆಲ್ಲ ಆರಿಸಿ ಸೆರಗಿಗೆ ಹಾಕಿಕೊಂಡು, ಮನೆಯ ಹಿಂದಿನ ಎರಡು ತೆಂಗಿನ ಗಿಡಗಳ ಗರಿಬುಡಕ್ಕೆ ತುರುಕಿ ಮರಳು ಮುಚ್ಚಿದೆ. ಹಾಡುಹಗಲು. ಯಾರಾದರೂ ನೋಡಿದ್ದರೂ, ಅಕ್ಕ ತಮ್ಮನ ತೋಟಕ್ಕೆ ಕೈ ಜೋಡಿಸಿದ್ದಾಳೆ ಅನ್ನುತ್ತಿದ್ದರು. ನುಸಿಗುಳಿಗೆಯ ಗುಣವೇ ಅದು, ಕರಗಿ ನೀರಾಗದೆ ಗಾಳಿಯಲ್ಲಿ ಆವಿಯಾಗಿ ಹೋಗುತ್ತದೆ, ಕೆಲವು ತಿಂಗಳಲ್ಲಿ ಅಲ್ಲಿ ಏನಿತ್ತು ಅನ್ನುವ ಗುರುತೂ ಉಳಿಯುವುದಿಲ್ಲ.

ಮಗು ಉಳಿಯಿತು. ಹದಿನೈದು ದಿನಕ್ಕೆ ಮನೆಗೆ ಬಂತು. ನಾನು ಹೇಳಬೇಕೆಂದುಕೊಂಡಿದ್ದ ನಾಳೆ ಮಾತ್ರ ಬರಲಿಲ್ಲ.

ನನ್ನ ಒಂದು ಮಾತು ಹಟ್ಟಿಯಲ್ಲಿ ತಿರುಗಾಡಿ ತನಗೆ ಬೇಕಾದ ಆಕಾರ ಪಡೆಯಿತು. ಮುದುಕಿಯ ಹಳೇ ಕಂಬಳಿಯಿಂದ ಮಗುವಿಗೆ ಹಿಂಗಾಯಿತಂತೆ, ಡಾಕ್ಟರೇ ಹೇಳಿದರಂತೆ. ತಾಯಿಯ ಕಡೆ ರಕ್ತವೂ ಸರಿಯಿಲ್ಲವಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು. ಒಂದಲ್ಲ, ಎರಡು ಎಮ್ಮೆಗೆ. ಜ್ವರ ಬಂದ ಎತ್ತು ತಿಪಟೂರಿನಲ್ಲಿ ಬಿಳಿ ಕೋಟು ಹಾಕಿಕೊಂಡು ಕೂತಿತ್ತು. ತಮ್ಮನ ಹೆಂಡತಿಯ ರಕ್ತದಲ್ಲಿ ತಪ್ಪೇನೂ ಇರಲಿಲ್ಲ. ಕಿಣ್ವ ಕಡಿಮೆ ಇದ್ದ ಮಾತ್ರಕ್ಕೆ ಕಣ ಒಡೆಯುವುದಿಲ್ಲ, ಗುಳಿಗೆ ಇಲ್ಲದಿದ್ದರೆ ಆ ಹುಡುಗ ನಮ್ಮ ಹಾಗೇ ಬೆಳೆಯುತ್ತಿದ್ದನೇನೋ. ಇದನ್ನು ಲ್ಯಾಬಿನ ಬೆಂಚಿನ ಮೇಲೆ ಕೂತ ಅಪರಿಚಿತರಿಗೆ ಬಿಡಿಸಿ ಬಿಡಿಸಿ ಹೇಳಬಲ್ಲವಳು ನನ್ನ ಮನೆಯಲ್ಲಿ ಬಾಯಿ ಬಿಡಲಿಲ್ಲ.

ಹತ್ತು ತಿಂಗಳಿಗೆ ಗೊತ್ತಾಯಿತು, ಮಗುವಿಗೆ ಕಿವಿ ಕೇಳುವುದಿಲ್ಲ ಅಂತ. ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದರು, ಪಕ್ಕದಲ್ಲೇ ಆಡುತ್ತಿದ್ದ ಮಗುವಿನ ಬೆನ್ನ ಹಿಂದೆ ರಾಶಿ ಕುಸಿದು ಬಿತ್ತು. ಕೋಳಿಗಳು ಹಾರಿದವು, ನಾಯಿ ಓಡಿತು, ಮಗು ತಲೆ ಎತ್ತಲಿಲ್ಲ. ಹಳದಿ ತಲೆಗೆ ಏರಿದಾಗ ಕಿವಿಯ ನರ ಹೋಗಿದೆ ಎಂದು ತುಮಕೂರಿನಲ್ಲಿ ಹೇಳಿದರು. ಅವತ್ತು ಮನೆಗೆ ಬಂದು ತಮ್ಮ ಕಂಬಳಿಯನ್ನು ಎಳೆದು ತಿಪ್ಪೆಗೆ ಎಸೆಯಲು ಹೋದ. ಅವ್ವ ಅಡ್ಡ ನಿಂತಳು. ಅವನ ಕೈಯಿಂದ ತೆಗೆದುಕೊಂಡು, ಮಡಿಸಿ, ಗೋಣಿಚೀಲದಲ್ಲಿ ಕಟ್ಟಿ, ಅಟ್ಟದ ಮೂಲೆಗೆ ಏರಿಸಿದಳು. ಅವತ್ತಿನಿಂದ ಅವಳು ಯಾವ ಕಂಬಳಿಯನ್ನೂ ಹೊದೆಯಲಿಲ್ಲ.

ನಮ್ಮ ಕಡೆಯ ಮಾಗಿಯ ಚಳಿ ಗೊತ್ತಿದ್ದವರಿಗೆ ಇದರ ಅರ್ಥ ತಿಳಿಯುತ್ತದೆ. ಮದುವೆಯಲ್ಲಿ, ತಿಥಿಯಲ್ಲಿ, ಸಂತೆಯಲ್ಲಿ ಹೆಗಲ ಮೇಲೆ ಕಂಬಳಿ ಇಲ್ಲದೆ ಕಾಣದ ಹೆಂಗಸು, ಎಂಟು ಚಳಿಗಾಲ ಬರೀ ಹತ್ತಿಯ ದುಪ್ಪಟಿ ಹೊದ್ದು ಒಲೆಯ ಮುಂದೆ ಮುದುರಿಕೊಂಡಳು. ನಾನು ತಿಪಟೂರಿನಿಂದ ಅಂಗಡಿಯ ರಗ್ಗು ತಂದುಕೊಟ್ಟೆ. "ಯಾಕವ್ವ ನಂಗೆ," ಅಂತ ಅದನ್ನು ತಮ್ಮನ ಹೆಂಡತಿಗೆ ಕೊಟ್ಟಳು. ಅದಕ್ಕಿಂತ ಹೆಚ್ಚು ನನ್ನ ಹೊಟ್ಟೆ ಉರಿಸಿದ್ದು ಇನ್ನೊಂದು. ಅವಳು ಆ ಹುಡುಗನನ್ನು ಎತ್ತಿಕೊಳ್ಳುತ್ತಿರಲಿಲ್ಲ. ಅವನೇ ಬಂದು ಮಡಿಲಲ್ಲಿ ಕೂತರೆ ಕೈ ಎರಡನ್ನೂ ನೆಲಕ್ಕೆ ಊರಿಕೊಂಡು ಕೂತಿರುತ್ತಿದ್ದಳು, ಅವನ ಮೈಗೆ ತಗಲದ ಹಾಗೆ. ಒಂದು ಸಲ ನಾನು ರೇಗಿದೆ. ಮುಟ್ಟಿದರೆ ಏನಾಗುತ್ತದೆ, ಮೊಮ್ಮಗನಲ್ಲವೇ ಅಂದೆ.

"ನನ್ ಕೈ ಅವನ್ಗೆ ಆಗಿಬರಲ್ಲ ಕಣೇ," ಅಂದಳು. "ಒಂದ್ ಸಲ ಸುತ್ತಿದ್ದು ಸಾಕು."

ಅವತ್ತು ಹೇಳಬೇಕಿತ್ತು. ನನ್ನ ಬಾಯಿಗೆ ಬಂತು ಕೂಡ. ಅವ್ವ, ನಿನ್ನ ಕೈ ಅಲ್ಲ, ನನ್ನ ಕೈ. ಇಷ್ಟೇ ಇತ್ತು. ಆಗ ಒಲೆಯ ಮೇಲೆ ಹಾಲು ಉಕ್ಕಿತು, ಎದ್ದು ಹೋದೆ. ಹಾಲು ಉಕ್ಕಿದ್ದಕ್ಕೆ ಎಷ್ಟು ಖುಷಿಯಾಯಿತು ಅಂದರೆ, ಅದನ್ನು ನೆನೆದರೆ ಈಗಲೂ ಮೈ ಕುದಿಯುತ್ತದೆ. ಯಾಕೆ ಹೇಳಲಿಲ್ಲ ಅಂತ ನನ್ನನ್ನೇ ಕೇಳಿಕೊಂಡಿದ್ದೇನೆ. ತಮ್ಮ ಬಯ್ಯುತ್ತಾನೆ ಅಂತಲ್ಲ. ಹಟ್ಟಿಯವರು ಆಡಿಕೊಳ್ಳುತ್ತಾರೆ ಅಂತಲೂ ಅಲ್ಲ. ಅವ್ವನ ಕಣ್ಣಲ್ಲಿ ನಾನು ಓದಿದವಳಾಗಿ ಉಳಿಯಬೇಕಿತ್ತು. ಅದೊಂದಕ್ಕಾಗಿ ಅವಳನ್ನು ಚಳಿಯಲ್ಲಿ ಕೂರಿಸಿದೆ.

ಹೋದ ವರ್ಷ ಪುಷ್ಯದಲ್ಲಿ ಅವ್ವ ತೀರಿಕೊಂಡಳು. ಎದೆಯಲ್ಲಿ ಕಫ ಕಟ್ಟಿ ನಾಲ್ಕು ದಿನ ಮಲಗಿದ್ದಳು. ನಡುಗುತ್ತಿದ್ದಳು. ಕಂಬಳಿ ತರಲೇ ಎಂದು ತಮ್ಮ ಕೇಳಿದ, ಅವನ ಸಿಟ್ಟು ಎಂದೋ ಇಳಿದಿತ್ತು. ಬೇಡ ಅಂತ ಕೈಯಾಡಿಸಿದಳು. ನಾನು ಅವಳ ಕಾಲ ಬಳಿ ಕೂತಿದ್ದೆ. ಆಗಲೂ ಹೇಳಲಿಲ್ಲ. ಸಾಯುವವಳಿಗೆ ಯಾಕೆ ನೋವು ಕೊಡಬೇಕು ಅಂತ ಒಂದು ನೆಪ ಹುಡುಕಿಕೊಂಡೆ. ನೆಪಕ್ಕೇನು, ಓದಿದವರಿಗೆ ಬೇಕಾದಷ್ಟು ಸಿಗುತ್ತವೆ.

ಈ ಪುಷ್ಯದಲ್ಲಿ ವರ್ಷದ ಎಡೆ ಇಟ್ಟೆವು. ಎಡೆಗೆ ಅವಳ ವಸ್ತುವೇನಾದರೂ ಇರಲಿ ಅಂತ ತಮ್ಮ ಅಟ್ಟದಿಂದ ಆ ಚೀಲ ಇಳಿಸಿದ. ಕಂಬಳಿ ಅಲ್ಲಲ್ಲಿ ತೂತು ಬಿದ್ದಿತ್ತು. ಎಂಟೊಂಬತ್ತು ವರ್ಷ ಬೇವಿನ ಸೊಪ್ಪೂ ಇಲ್ಲದೆ, ಗುಳಿಗೆಯೂ ಇಲ್ಲದೆ ಬಿದ್ದಿತ್ತಲ್ಲ. ಊಟವಾಗಿ ನೆಂಟರೆಲ್ಲ ಹೋದ ಮೇಲೆ ಹುಡುಗ ಬಂದು ಅದನ್ನು ಎಳೆದುಕೊಂಡು ಮೈಗೆ ಸುತ್ತಿಕೊಂಡ. ಅವನಿಗೀಗ ಒಂಬತ್ತು. ತುಮಕೂರಿನಲ್ಲಿ ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಓದುತ್ತಾನೆ, ಕೈಯಲ್ಲಿ ಮಾತಾಡುತ್ತಾನೆ, ಆ ಮಾತು ನಮಗೆ ಅರ್ಧ ತಿಳಿಯುತ್ತದೆ. ಕಂಬಳಿ ಅವನಿಗೆ ಹೊಸ ವಸ್ತು. ಅವನ ತಾಯಿ ನೋಡಿದಳು. ತೆಗೆ ಅನ್ನಲಿಲ್ಲ.

ಅವಳೂ ನಾನೂ ಹಿತ್ತಿಲಲ್ಲಿ ಪಾತ್ರೆ ಉಜ್ಜಲು ಕೂತೆವು. ಎದುರಿಗೇ ಆ ಎರಡು ತೆಂಗು. ಈಗ ಗಿಡಗಳಲ್ಲ, ಮರಗಳು, ಒಳ್ಳೇ ಗೊನೆ ಬಿಟ್ಟಿವೆ. ದುಂಬಿ ಮುಟ್ಟಿಲ್ಲ. ನನಗೆ ತಡೆಯಲಾಗಲಿಲ್ಲ. ತಮ್ಮನ ಹೆಂಡತಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಸೊಪ್ಪು ಕೊಡವಿದ್ದು, ಎರಡು ಬೊಗಸೆ ಗುಳಿಗೆ ಇಟ್ಟದ್ದು, ಸೂಕ್ಷ್ಮದರ್ಶಕದಲ್ಲಿ ಕಂಡದ್ದು, ಡಾಕ್ಟರಮ್ಮನಿಗೆ ಇಂಗ್ಲಿಷಿನಲ್ಲಿ ಒಪ್ಪಿಕೊಂಡದ್ದು, ಈ ಮರಗಳಿಗೆ ತುರುಕಿದ್ದು. ಅತ್ತುಬಿಟ್ಟೆ. ನಿನ್ನ ರಕ್ತದ ತಪ್ಪಲ್ಲ, ಅವ್ವನ ಕಂಬಳಿಯ ತಪ್ಪಲ್ಲ, ನನ್ನದು ಅಂದೆ. ಅವಳು ಬಯ್ಯಲಿ ಅಂತ ಕಾದೆ. ಹೊಡೆದಿದ್ದರೂ ಹೊಡೆಸಿಕೊಳ್ಳುತ್ತಿದ್ದೆ.

ಅವಳು ಕೈಯಲ್ಲಿದ್ದ ತಪ್ಪಲೆ ಉಜ್ಜುವುದನ್ನು ನಿಲ್ಲಿಸಲಿಲ್ಲ. "ಗೊತ್ತು ಅಕ್ಕ," ಅಂದಳು.

"ಏನ್ ಗೊತ್ತು?"

"ಆಸ್ಪತ್ರೆಯಿಂದ ಬರೋವಾಗ ಕಾಗ್ದ ಕೊಟ್ರಲ್ಲ, ಅದ್ರಲ್ಲಿ ಎಲ್ಲಾ ಬರ್ದೈತೆ. ನ್ಯಾಫ್ತಲೀನ್ ಅಂತ ಐತೆ, ಕಂಬ್ಳಿಗೆ ಇಟ್ಟಿದ್ರು ಅಂತ ಐತೆ, ಹೇಳ್ದೋರು ಮಗೂನ ಸೋದರತ್ತೆ ಅಂತಾನೂ ಐತೆ. ನಾನು ಪಿಯುಸಿ ಸೈನ್ಸ್ ಓದೀನಲ್ಲ."

ಹೌದು, ಓದಿದ್ದಳು. ನಮ್ಮ ಮನೆಯಲ್ಲಿ ಅದನ್ನು ಓದು ಅಂತ ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ನಾನಂತೂ ಇಟ್ಟಿರಲಿಲ್ಲ. ಒಂಬತ್ತು ವರ್ಷ ಇವಳು ನನಗೆ ಅನ್ನ ಬಡಿಸಿದ್ದಾಳೆ, ಹಬ್ಬಕ್ಕೆ ಅರಿಸಿನ ಕುಂಕುಮ ಕೊಟ್ಟಿದ್ದಾಳೆ, ಬಸ್ಸಿನವರೆಗೆ ಬಂದು ಕಳಿಸಿದ್ದಾಳೆ. ಎಲ್ಲವೂ ಗೊತ್ತಿದ್ದೇ.

ನನಗೆ ಎಲ್ಲಿಂದ ಬಂತೋ ಆ ಸಿಟ್ಟು, ನಾಚಿಕೆಗೆಟ್ಟ ಸಿಟ್ಟು. "ಗೊತ್ತಿದ್ದೂ ಸುಮ್ನಿದ್ಯಾ? ನಾನ್ ಹೇಳ್ಲಿಲ್ಲ, ನಾನ್ ಪಾಪಿ. ನೀನಾದ್ರೂ ಅವ್ವಂಗೆ ಒಂದ್ ಮಾತು ಹೇಳ್ಬೋದಿತ್ತಲ್ಲ. ಆ ಮುದ್ಕಿ ನಡುಗ್ತಾ ಸತ್ಲಲ್ಲ."

ಅವಳು ಈಗ ತಪ್ಪಲೆ ಕೆಳಗಿಟ್ಟಳು. ಮೊದಲ ಸಲ ನನ್ನ ಮುಖ ನೋಡಿದಳು.

"ಹೇಳ್ದೆ ಅಕ್ಕ. ಮಗೂಗೆ ಕಿವಿ ಕೇಳಲ್ಲ ಅಂತ ಗೊತ್ತಾದ ವಾರವೇ ಹೇಳ್ದೆ. ಕಾಗ್ದ ತಂದು, ಕನ್ನಡ ಮಾಡಿ, ಒಂದೊಂದೇ ಸಾಲು ಓದಿ ಹೇಳ್ದೆ. ಅತ್ತೆ ಪೂರ್ತಿ ಕೇಳಿಸ್ಕೊಂಡ್ರು. ಆಮೇಲೆ ಏನಂದ್ರು ಗೊತ್ತಾ? ಗುಳಿಗೆಯಿಂದ ಆಗಿದ್ರೆ ನನ್ ಮಗ್ಳು ಹೇಳ್ದೆ ಇರ್ತಿದ್ಲಾ, ಓದ್ದೋಳು ಅವ್ಳು, ಅವ್ಳ ಮೇಲೆ ಹಿಂಗೆಲ್ಲ ಹಾಕ್ಬೇಡ ಕಣವ್ವ ಅಂದ್ರು."

ನಾನು ಬೂದಿ ಕೈಯಲ್ಲೇ ಕೂತಿದ್ದೆ. ಅವಳು ಕೊಳಗದಿಂದ ನೀರು ಬಗ್ಗಿಸಿ ನನ್ನ ಕೈ ಮೇಲೆ ಹಾಕಿದಳು, ಕೊನೇ ಬಸ್ಸಿಗೆ ಹೊತ್ತಾಯಿತು, ಎದ್ದೇಳಿ ಅಂದಳು.